ಕಾರಣದ ಹೆಂಚು

ಕಡಲು ಹತ್ತಿದ ನೂರ ನಲವತ್ತನೆಯ ವರ್ಷ
ಎರಡನೆಯ ಮುಂಗಾರಿನ ಶನಿವಾರ, ಮಧ್ಯಾಹ್ನ

ನನ್ನ ಮುತ್ತಜ್ಜನ ಮುತ್ತಜ್ಜಂದಿರೇ, ಅಜ್ಜಿಯರೇ,

ಈ ತಾರೀಕು ನಿಮಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮ ಊರಿನ ಮೇಲೆ ಕಡಲು ಹತ್ತಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಮುಂಗಾರು ನಮಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಹೆಂಚಿನ ಆವೆಗೆ ಮಣ್ಣು ಹೊರಲು ಹೋದವನು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ. ಈ ಕಾಗದ ಹಿಂದಕ್ಕೆ ನಿಮ್ಮ ಕಾಲಕ್ಕೆ ಹೇಗೆ ಬರುತ್ತದೆ ಎಂದು ಕೇಳಬೇಡಿ. ಪ್ರಾರ್ಥನೆ ಹೋಗುವ ದಾರಿಯಲ್ಲಿ ಇದೂ ಹೋಗಲಿ. ಸಂಜೆ ನಮ್ಮ ಕ್ರೈಸ್ತ ಸಭೆಯ ಹಿರಿಯರು ಕೂಡುತ್ತಾರೆ, ಅಷ್ಟರೊಳಗೆ ಬರೆದು ಮುಗಿಸಬೇಕು. ಕೂತಲ್ಲಿ ಕೂರಲು ಆಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಮತ್ತೆ ಮತ್ತೆ ಎದ್ದು ಬಾಗಿಲಿಗೆ ಹೋಗಿ ಬಂದಿದ್ದೇನೆ.

ನಾವಿರುವುದು ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿ. ನಿಮ್ಮ ಪೇಟೆ ಕೆಳಗೆ ನೀರಿನಡಿಯಲ್ಲಿದೆ. ಇಳಿತದ ಹೊತ್ತಿಗೆ ನಿಮ್ಮ ಅಂಗಡಿಗಳ ತಾರಸಿ ಮೇಲೇಳುತ್ತದೆ, ನಮ್ಮ ಹೆಂಗಸರು ಅಲ್ಲಿಗೆ ತೇಲುಬಂಡಿಯಲ್ಲಿ ಹೋಗಿ ಚಿಪ್ಪುಮೀನು ಕೆರೆದು ತರುತ್ತಾರೆ. ತೇಲುಬಂಡಿ ಎಂದರೆ ಬಿಸಿಲು ಕುಡಿದು ಓಡುವ ಚಪ್ಪಟೆ ದೋಣಿ. ಕುಡಿಯಲು ಮಂಜುನೀರು; ಗುಡ್ಡದ ಅಂಚಿಗೆ ಬಲೆ ಕಟ್ಟಿದರೆ ಬೆಳಗಿನ ಮಂಜು ಅದರಲ್ಲಿ ಸಿಕ್ಕಿ ಹಂಡೆಗೆ ಇಳಿಯುತ್ತದೆ. ಬೇಸಗೆಯಲ್ಲಿ ಅದು ಸಾಲದು. ಆಗ ಬಾವಿಯೇ ಗತಿ, ಬಾವಿಯೊಳಗೆ ಕಡಲು ಬಂದಿರುತ್ತದೆ. ಆ ನೀರು ಕುಡಿದ ಮಕ್ಕಳಿಗೆ ಉಪ್ಪುಜ್ವರ. ಕೆಲವು ಮಕ್ಕಳು ಏಳುತ್ತವೆ, ಕೆಲವು ಏಳುವುದಿಲ್ಲ.

ಇನ್ನು ನಮ್ಮ ದೇವಾಲಯದ ಮಾಡು, ಅಂದರೆ ಹೆಂಚಿನ ಸೂರು. ಅದನ್ನು ಹೇಳದೆ ಮುಂದಿನದು ತಿಳಿಯದು. ಸಭೆಯಲ್ಲಿ ಸಾವಾದರೆ ಆ ಮನೆಯ ಹೆಸರಿನಲ್ಲಿ ಮಾಡಿನಿಂದ ಒಂದು ಹಳೆಯ ಹೆಂಚು ತೆಗೆಯುತ್ತೇವೆ. ದುಃಖದ ಮನೆಯವರು ಹಸಿಮಣ್ಣಿನ ಹೊಸ ಹೆಂಚಿನ ಮೇಲೆ ದೇವರು ಈ ಸಂಕಟ ಯಾಕೆ ಕೊಟ್ಟನೆಂದು ಗೀಚಬೇಕು. ಅದನ್ನು ಆವೆಯಲ್ಲಿ ಸುಟ್ಟು ಆ ಖಾಲಿ ಜಾಗಕ್ಕೆ ಹೊದಿಸುತ್ತೇವೆ. ಇದು ಕಾರಣದ ಹೆಂಚು. ಅದು ಏರುವ ತನಕ ಆ ಮನೆಯವರು ಹಿಂದಿನ ಬೆಂಚಿನಲ್ಲಿ ಕೂರಬೇಕು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಅವರಿಗಿಲ್ಲ. ಗುಡ್ಡಕ್ಕೆ ಓಡಿಬಂದ ಮೊದಲಿನವರು ಮುಳುಗಿದ ಮನೆಗಳ ಹೆಂಚು ಹೊತ್ತು ತಂದು ದೇವಾಲಯ ಕಟ್ಟಿದರಂತೆ. ಒಬ್ಬ ವಿಧವೆ ತನ್ನ ಹೆಂಚಿನ ಮೇಲೆ ಗಂಡನ ಹೆಸರು ಗೀಚಿ, ಬದುಕಿ ಉಳಿದವರಿಗಾಗಿ ದೇವರಿಗೆ ಸ್ತೋತ್ರ ಎಂದು ಬರೆದಳಂತೆ. ಪಾಪ, ಅವಳ ಮನಸ್ಸಿಗೆ ಬಂದದ್ದು ಅವಳು ಬರೆದಳು. ನಾವು ಅದನ್ನು ನಿಯಮ ಮಾಡಿದೆವು.

ಪೆರ್ಸಿಸ್ ಎಂಬವಳು ನನ್ನ ತಮ್ಮನ ಮಗಳು. ಹೋದ ಬೇಸಗೆಯಲ್ಲಿ ಅವಳ ಒಬ್ಬಳೇ ಮಗಳು ನಿರೀಕ್ಷಾ ಉಪ್ಪುಜ್ವರದಲ್ಲಿ ಹೋದಳು. ಮಣ್ಣು ಮಾಡಿ ಬರುವುದರೊಳಗೆ ಮನೆ ತುಂಬ ಕಾರಣಗಳು. ಪಕ್ಕದ ಮನೆಯ ದೊರ್ಕಮ್ಮ ಅವಳ ತಲೆ ಸವರಿ, “ದೇವರಿಗೆ ತೋಟದಲ್ಲಿ ಒಂದು ಹೂ ಬೇಕಿತ್ತು ಮಗಾ” ಎಂದಳು.

“ನಿಮ್ಮ ಮನೆಯಲ್ಲಿ ನಾಲ್ಕು ಹೂ ಉಂಟಲ್ಲ ಅಕ್ಕಾ, ಅಲ್ಲಿ ಕೇಳಲಿಲ್ಲವಾ ಅವನು?” ಎಂದಳು ಪೆರ್ಸಿಸ್.

ದೊರ್ಕಮ್ಮ ಆ ದಿನ ಎದ್ದು ಹೋದವಳು ಅವಳ ಅಂಗಳಕ್ಕೆ ಮತ್ತೆ ಕಾಲಿಟ್ಟಿಲ್ಲ.

ಬೇಸಗೆ ಕಳೆಯಿತು, ಹೆಂಚು ಬರಲಿಲ್ಲ. ಮಾಡಿನ ಆ ಖಾಲಿ ಹಾಗೇ ಉಳಿಯಿತು. ಮೊನ್ನೆ ನಮ್ಮ ಪಾದ್ರಿ ಸಿಲ್ವಾನ ಅಯ್ಯನವರು ಹಸಿ ಹೆಂಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಮನೆಗೆ ಹೊರಟರು. ಜೊತೆಗೆ ನಾನು. ಅಯ್ಯನವರು ಕೆಟ್ಟವರಲ್ಲ, ಜಗಳವೆಂದರೆ ಹೆದರುವವರು, ಅಷ್ಟೆ. ಪೆರ್ಸಿಸ್ ಹೆಂಚನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಬರೀತೇನೆ ಅಯ್ಯನವರೇ. ‘ಗೊತ್ತಿಲ್ಲ’ ಅಂತ ಬರೀತೇನೆ. ಆಗ್ತದಾ?”

“ಅದು ಕಾರಣ ಅಲ್ಲವಲ್ಲ ಮಗಾ.”

“ನಾನೂ ಅದನ್ನೇ ಹೇಳುವುದು.”

ನನಗೆ ತಡೆಯಲಾಗಲಿಲ್ಲ. “ಏನಾದರೂ ಒಂದು ಗೀಚಿ ಬಿಸಾಡು ಮಾರಾಯ್ತಿ! ಮಳೆ ಬಂತು, ಬಲಿಪೀಠದ ಮೇಲೆ ನೀರು ಸುರೀತದೆ!”

“ನೀವು ಗೀಚಿದ್ದೀರಲ್ಲ ದೊಡ್ಡಪ್ಪ,” ಎಂದಳು, ತಲೆ ಎತ್ತದೆ. “ಇಳಿದಿದೆಯಾ?”

ಅಯ್ಯನವರು ಕೆಮ್ಮುವ ಹಾಗೆ ಮಾಡಿ ನಕ್ಕರು. ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ.

ಅವಳು ಕೇಳಿದ್ದು ಏನೆಂದು ಹೇಳುತ್ತೇನೆ. ನನ್ನ ಹೆಂಡತಿ ಲೀದ್ಯ ಹೋಗಿ ಬಹಳ ವರ್ಷವಾಯಿತು. ಆಗ ನಾನು ಗೀಚಿದ ಹೆಂಚು ದೇವಾಲಯದ ಎಡಗಡೆ ಇದೆ: ‘ನನ್ನ ಕೋಪ ಇಳಿಸುವುದಕ್ಕೆ.’ ಇಡೀ ಸಭೆ ಆಮೆನ್ ಎಂದಿತ್ತು. ಕೋಪ ಇಳಿಯಲಿಲ್ಲ, ನೀವೇ ನೋಡುತ್ತಿದ್ದೀರಿ. ಮೊನ್ನೆಯಿಂದ ಒಂದೇ ಯೋಚನೆ ತಲೆಯಲ್ಲಿ ತಿರುಗುತ್ತಿದೆ. ಒಬ್ಬ ಒರಟನ ಬಾಯಿ ತಗ್ಗಿಸಲು ಅಂಥ ಒಳ್ಳೆಯ ಹೆಂಗಸನ್ನು ಕೊಲ್ಲುವವನು ಎಂಥ ದೇವರು? ನಾನು ಪ್ರಾರ್ಥಿಸುವ ತಂದೆ ಅವನಲ್ಲ. ಆದರೆ ಇಷ್ಟು ವರ್ಷ ಅವನ ಮೇಲೆ ಆ ಮಾತನ್ನು ಹೊರಿಸಿ, ಅದರ ಅಡಿಯಲ್ಲೇ ಕೂತು ಹಾಡಿದ್ದೇನೆ.

ಸಂಕಟದಿಂದ ಒಳ್ಳೆಯದು ಹುಟ್ಟುವುದಿಲ್ಲವೆಂದು ನಾನು ಹೇಳುವುದಿಲ್ಲ. ಹುಟ್ಟುತ್ತದೆ, ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಹುಟ್ಟಿದ ಒಳ್ಳೆಯದನ್ನೇ ಹಿಡಿದು, ಇದಕ್ಕಾಗಿಯೇ ನಿನ್ನ ಮಗು ಸತ್ತದ್ದು ಎಂದು ತಾಯಿಯ ಮುಖಕ್ಕೆ ಹೇಳುವುದು ಬೇರೆ. ಶಿಲುಬೆಯ ಮೇಲೆ ನಮ್ಮ ಕರ್ತನೇ ಯಾಕೆ ಎಂದು ತಂದೆಯನ್ನು ಕೂಗಿ ಕೇಳಿದ. ಆ ಹೊತ್ತಿಗೆ ಮೇಲಿನಿಂದ ಕಾರಣ ಬರಲಿಲ್ಲ. ನಮ್ಮ ನಿಯಮದ ಪ್ರಕಾರ ಆತನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಬೇಕು, ಆತನದೇ ರೊಟ್ಟಿಯನ್ನು ಆತನಿಗೆ ಕೊಡಬಾರದು. ಇದನ್ನು ನಿನ್ನೆ ಅಯ್ಯನವರಿಗೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, “ನೀವು ಹೇಳುವುದು ಸರಿ, ಆದರೆ ಮಾಡು ಸೋರ್ತದಲ್ಲ” ಎಂದರು.

ಪೆರ್ಸಿಸ್ ಒಂದು ಭಾನುವಾರವೂ ತಪ್ಪಿಸಿಲ್ಲ, ಗಮನಿಸಿ. ಹಿಂದೆ ಕೂರುತ್ತಾಳೆ, ರೊಟ್ಟಿ ತನ್ನನ್ನು ದಾಟಿ ಹೋಗುವುದನ್ನು ನೋಡುತ್ತಾಳೆ, ಕೀರ್ತನೆಗೆ ದನಿ ಕೂಡಿಸುತ್ತಾಳೆ. ದೇವರೊಡನೆ ಜಗಳವಾಡಲಿಕ್ಕಾದರೂ ದೇವರ ಮನೆಗೇ ಬರುತ್ತಾಳೆ. ಎಲ್ಲ ತಿಳಿದವರು ನಾವು; ಆದರೆ ವಿಶ್ವಾಸವೆನ್ನುವುದು ಇದ್ದರೆ ಅದು ಆ ಬೆಂಚಿನಲ್ಲಿದೆ.

ಈಗ ಸಂಜೆಯ ವಿಷಯ. ಹೋದ ಭಾನುವಾರ ಮಳೆ ಸುರಿದು ಭೋಜನದ ರೊಟ್ಟಿ ನೆನೆಯಿತು, ಜನ ರೇಗಿದರು. ಹೆಂಚು ಕೊಡದಿದ್ದರೆ ಪೆರ್ಸಿಸಳ ಹೆಸರನ್ನು ಸಭೆಯಿಂದ ತೆಗೆಯಬೇಕೆಂದು ಇವತ್ತು ತೀರ್ಮಾನ. ಹಿರಿಯರು ನನ್ನನ್ನೂ ಸೇರಿಸಿ ಐದು ಮಂದಿ, ಐದು ಕೈಯೂ ಏಳಬೇಕು. ನನ್ನದು ಏಳುವುದಿಲ್ಲ. ಹೆಸರೇನೋ ಉಳಿಯುತ್ತದೆ, ಆದರೆ ನಾಳೆ ರೊಟ್ಟಿ ಮತ್ತೆ ಅವಳನ್ನು ದಾಟಿ ಹೋಗುತ್ತದೆ. ನಾನು ಅವಳ ಪಕ್ಕದಲ್ಲಿ ಕೂರುತ್ತೇನೆ. ದಾಟುವುದಾದರೆ ಇಬ್ಬರನ್ನೂ ದಾಟಲಿ. ಮುಂದೆ ಏನಾಗುತ್ತದೋ ನನಗೆ ಗೊತ್ತಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಈ ಕಾರಣದ ಮಾತುಗಳು ನಮಗೆ ಆಕಾಶದಿಂದ ಬೀಳಲಿಲ್ಲ. ಸಾವಿನ ಮನೆಯಲ್ಲಿ ಸುಮ್ಮನಿರಲು ಹೆದರಿ, ಎಲ್ಲ ದೇವರ ಯೋಜನೆ ಎಂದು ಹೇಳಿ, ಚಹಾ ಕುಡಿದು ಎದ್ದುಬಂದವರು ನೀವು. ನಿಮಗೆ ಅದು ಬಾಯಿಮಾತು. ನಮ್ಮ ತನಕ ಬರುವಾಗ ಅದು ಬೆಂದು ಗಟ್ಟಿಯಾಗಿದೆ, ಈಗ ಒಡೆಯಬೇಕೆಂದರೆ ಮಾಡೇ ಬಿಚ್ಚಬೇಕು. ನಿಮ್ಮ ಬೀದಿಯಲ್ಲಿ ಇವತ್ತೇ ಯಾರದೋ ಮಗು ಹೋಗಿರಬಹುದು. ಅಲ್ಲಿಗೆ ಹೋಗಿ. ಗಂಜಿ ತೆಗೆದುಕೊಂಡು ಹೋಗಿ, ಅವರೊಟ್ಟಿಗೆ ಅಳಿ, ಅವರು ದೇವರನ್ನು ಬೈದರೆ ಬೈಯಲು ಬಿಡಿ. ಕಾರಣ ನಾಲಿಗೆಯ ತುದಿಗೆ ಬಂದರೆ ನುಂಗಿಕೊಳ್ಳಿ. ನಿಮ್ಮ ಕೈಯಲ್ಲಿ ಅದು ಇನ್ನೂ ಹಸಿಮಣ್ಣು.

ನಿಮ್ಮವನೇ,
ನತಾನಿಯೇಲ ಅಂಚನ್