ಒಂದೇ ಹಳಿಯ ಮೇಲೆ ನಾಲ್ಕು ಮಾತ್ರೆ

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಬಂದು ಎಂಟು ತಿಂಗಳಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ‘ಕ್ಷೇಮ’ ಎಂದು ಬರೆಯುವಷ್ಟರಲ್ಲಿ ನಿದ್ದೆ ಹೋದೆ. ಕ್ಷಮಿಸು. ಈಗ ಎಚ್ಚರವಾಗಿದ್ದೇನೆ.

ನನ್ನ ಥೈರಾಯ್ಡ್ ನಿಧಾನವೆಂಬುದು ನಿನಗೆ ಹಳೆಯ ಸುದ್ದಿ. ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ, ಬಿ ಹನ್ನೆರಡು ಎಲ್ಲವೂ ಕಡಿಮೆ ಎಂದು ಕಳೆದ ವರ್ಷ ಗೊತ್ತಾಯಿತು. “ಥೈರಾಯ್ಡ್ ಇರೋರಲ್ಲಿ ಇದು ಅಪರೂಪವೇನಲ್ಲ, ಮಾತ್ರೆ ತಪ್ಪಿಸ್ಬೇಡಿ,” ಎಂದಿದ್ದರು ಡಾಕ್ಟರಮ್ಮ. ಎಷ್ಟು ನುಂಗಿದರೂ ಸುಸ್ತು ಹೆಚ್ಚುತ್ತಲೇ ಹೋಯಿತು. ಒಂದು ದಿನ ಗ್ರಂಥಾಲಯದ ಕೌಂಟರಿನಲ್ಲಿ, ಆಗತಾನೇ ಮುದ್ರೆ ಒತ್ತಿದ ಚೀಟಿಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟೆ. ಎಬ್ಬಿಸಿದ ಓದುಗರೊಬ್ಬರು, “ಮೇಡಂ, ನಿಮ್ಮನ್ನ ಹದಿನಾಲ್ಕನೇ ತಾರೀಖು ವಾಪಸ್ ಕೊಡ್ಬೇಕಂತೆ,” ಎಂದರು. ಕೆನ್ನೆಯ ಮೇಲೆ ಅಕ್ಷರ ತಿರುಗಾಮುರುಗಾ ಮೂಡಿದ್ದರೂ ಸರಿಯಾಗಿಯೇ ಓದಿದ್ದರು.

ಡಾಕ್ಟರಮ್ಮ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಎರಡು ಸಲ ಏರಿಸಿದರು. ಫಲವಿಲ್ಲ. ಜನವರಿಯಲ್ಲಿ, “ಮಾತ್ರೆ ಹೇಗೆ ತಗೋತೀರಿ?” ಎಂದು ಕೇಳಿದರು.

ಜೊತೆಗೆ ಬಂದಿದ್ದ ನಮ್ಮ ಮನೆಯವರು ಬೆನ್ನು ನೆಟ್ಟಗೆ ಮಾಡಿ ಕೂತರು. “ಬೆಳಿಗ್ಗೆ ಸರಿಯಾಗಿ ಆರಕ್ಕೆ. ನಾಲ್ಕನ್ನೂ ಒಂದೇ ಬಟ್ಟಲಲ್ಲಿ ನಾನೇ ಹಾಕಿಡ್ತೀನಿ. ಒಂದು ದಿನಾನೂ ತಪ್ಪಿಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಬ್ಬಿಣ, ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲವಂತೆ. ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕಂತೆ. ಚೀಟಿಯಲ್ಲಿ ಮೊದಲೇ ಬರೆದುಕೊಟ್ಟಿದ್ದರು. ನಾನು ಓದಿ ಮರೆತಿದ್ದೆ.

ಮೂವತ್ತೈದು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು, ಒಂದು ಹಳಿಗೆ ಎರಡು ರೈಲು ಬರದಂತೆ ಕಾದವರು ಇವರು. ಬಸ್ಸಿಳಿದೆವು. ಆಮೇಲೆ ಹೇಳಿದರು: “ನಾಲ್ಕು ಗಾಡಿ ಕಣೇ. ಒಂದೇ ಹಳಿ. ನಾನೇ ಹಸಿರು ತೋರಿಸಿದ್ದು.”

“ಪ್ರಯಾಣಿಕರಿಗೆ ಏನೂ ಆಗಿಲ್ಲ ಬಿಡ್ರೀ, ಸ್ವಲ್ಪ ತೂಕಡಿಸಿದ್ದಾರೆ ಅಷ್ಟೇ,” ಎಂದೆ. ನಗಲಿಲ್ಲ.

ಮರುದಿನ ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಬಂತು. ಆರಕ್ಕೆ ಥೈರಾಯ್ಡ್, ಏಳಕ್ಕೆ ತಿಂಡಿಯ ಜೊತೆ ಬಿ ಹನ್ನೆರಡು, ಹನ್ನೊಂದಕ್ಕೆ ಕಬ್ಬಿಣ, ರಾತ್ರಿ ಊಟಕ್ಕೆ ಕ್ಯಾಲ್ಸಿಯಂ. ಆರೂವರೆಗೆ ತಟ್ಟೆಯ ಕಡೆ ಕೈ ಚಾಚಿದರೆ, “ಲೈನ್ ಕ್ಲಿಯರ್ ಇಲ್ಲ” ಎನ್ನುತ್ತಾರೆ. ಹನ್ನೊಂದಕ್ಕೆ ಗ್ರಂಥಾಲಯಕ್ಕೇ ಫೋನು: “ಕಬ್ಬಿಣ ಹೊರಡ್ತಾ?” ನಮ್ಮದು ಗುಜರಿ ವ್ಯಾಪಾರವೂ ಇದೆ ಎಂದು ಜೊತೆಯವರು ನಂಬಿದ್ದಾರೆ.

ಕಳೆದ ವಾರದ ರಿಪೋರ್ಟು ಚೆನ್ನಾಗಿದೆ. ನಿನ್ನೆ ಏಣಿ ಹತ್ತಿ ಮೇಲಿನ ಕಪಾಟಿನ ಧೂಳು ಹೊಡೆದೆ. ಇವರು ಕೆಳಗೆ ನಿಂತು ಏಣಿಯನ್ನೂ ನನ್ನನ್ನೂ ಬೈದರು.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ. ‘ಇಬ್ಬರ’ ಎಂದು ಯೋಚಿಸಿಯೇ ಬರೆದಿದ್ದೇನೆ.

ನಿನ್ನ
ಪುಟ್ಟಿ

ತಾ.ಕ.: ತಡಕ್ಕೆ ನಿದ್ದೆಯೊಂದೇ ಕಾರಣವಲ್ಲ, ಅಕ್ಕ. “ಆ ಮನುಷ್ಯನಿಗೆ ನಿನ್ನ ಮೇಲೆ ಗಮನವೇ ಇಲ್ಲ, ಇಲ್ಲಿಗೆ ಬಂದುಬಿಡು” ಎಂದು ಬರೆದಿದ್ದೆಯಲ್ಲ, ಆ ಪತ್ರವನ್ನು ನಾನು ಮೇಜಿನ ಮೇಲೆ ಬಿಟ್ಟಿದ್ದೆ. ಇವರು ಓದಿದರು. ಮರುದಿನ ಬೆಳಿಗ್ಗೆ ಆರಕ್ಕೆ ನನ್ನ ತಲೆದಿಂಬಿನ ಪಕ್ಕ ಮೊದಲ ಸಲ ಆ ಬಟ್ಟಲು ಬಂದಿತ್ತು. ಮುಂದಿನ ಪತ್ರದಲ್ಲಿ ಇವರ ಬಗ್ಗೆ ಒಂದು ಸಾಲು ಬರೆ. ಅದನ್ನೂ ಮೇಜಿನ ಮೇಲೆ ಬಿಡುತ್ತೇನೆ.