ಕೇಳಿಸಿತೆಂದು ಬೆರಳೆತ್ತಿದವರು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಬೈದರೂ ಪರವಾಗಿಲ್ಲ, ನಿನ್ನ ಬೈಗುಳ ಕೇಳಿಯೂ ಬಹಳ ದಿನವಾಯಿತು. ಬರೆದೆ, ಹರಿದುಹಾಕಿದೆ, ಮತ್ತೆ ಬರೆದೆ. ಫೋನಿನಲ್ಲೇ ಹೇಳೋಣವೆಂದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತದೆ. ನಿನ್ನ ಪುಟ್ಟಿಗೆ ಹಲ್ಲು ಬಂತೆಂದು ಓದಿದ ಕೂಡಲೇ ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಹೇಳಿಬಂದಳು, ತನಗೇ ಹೊಸ ಹಲ್ಲು ಬಂದವಳ ಹಾಗೆ.

ನನಗೆ ಕೆಲಸ ಸಿಕ್ಕಿದ್ದು ನಿನಗೆ ಗೊತ್ತೇ ಇದೆ. ಅಪ್ಪ ಮಗ್ಗ ಓಡಿಸುವ ಮಿಲ್ಲಿನಲ್ಲೇ, ಕಾರ್ಮಿಕರ ಆರೋಗ್ಯ ವಿಭಾಗದಲ್ಲಿ. ವಿಭಾಗ ಎಂದರೆ ಒಂದು ಮೇಜು, ಒಂದು ತೂಕದ ಯಂತ್ರ ಮತ್ತು ನಾನು. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ‘ಕೈ ತೊಳೆದು ಊಟ ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ಮೊದಲ ವಾರವೇ ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ‘ನಲ್ಲಿಯಲ್ಲಿ ನೀರು ಬಿಡಿ’ ಎಂದು ಸೇರಿಸಿದ್ದರು. ಯಾರೋ ಏನೋ, ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಹೋದ ತಿಂಗಳು ಎಲ್ಲರ ಕಿವಿ ಪರೀಕ್ಷೆ ನಡೆಯಿತು. ನೀನು ಮಗ್ಗದ ಶೆಡ್ಡಿನೊಳಗೆ ಯಾವತ್ತೂ ಕಾಲಿಟ್ಟಿಲ್ಲ. ಅಲ್ಲಿ ಸದ್ದು ಮೊದಲು ಎದೆಗೆ ಬಡಿಯುತ್ತದೆ, ಆಮೇಲೆ ಕಿವಿಗೆ. ಯಾರೂ ದನಿ ತೆಗೆಯುವುದಿಲ್ಲ. ತುಟಿ ಆಡಿಸುತ್ತಾರೆ, ಎದುರಿನವರು ಅದನ್ನು ಓದಿಕೊಂಡು ತಲೆಯಾಡಿಸುತ್ತಾರೆ, ಇಲ್ಲವೇ ನಗುತ್ತಾರೆ. ವರ್ಷಗಟ್ಟಲೆ ಹೀಗೇ ದುಡಿದವರ ಕಿವಿ ಏನಾಗಿರಬಹುದು ಎಂದು ತಿಳಿಯಲು ಹೊರಗಿನಿಂದ ಒಬ್ಬರು ಮೇಡಂ ಬಂದಿದ್ದರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಶೆಡ್ಡಿನ ಸದ್ದನ್ನು ಯಂತ್ರ ಹಿಡಿದು ಅಳೆದು ಹೊರಗೆ ಬಂದರು. “ಕಿವಿ ಕೆಟ್ಟಿರೋದು ಕಾಗದದ ಮೇಲೆ ಬರಲಿ ಸಾಕು. ಹಳೇ ಮಗ್ಗಗಳಿಗೆ ಅಡಿಯಲ್ಲಿ ರಬ್ಬರು ಹಾಕಿಸ್ತೀನಿ, ಎಲ್ಲರಿಗೂ ಕಿವಿಮುಚ್ಚುಗ ಕೊಡಿಸ್ತೀನಿ. ಮಾಲೀಕರು ಇಲ್ಲ ಅನ್ನೋ ಹಾಗಿಲ್ಲ” ಎಂದರು. ನನಗೆ ಅವರು ತುಂಬ ಹಿಡಿಸಿದರು.

ಆದರೆ ಮ್ಯಾನೇಜರು ಅದಕ್ಕೂ ಮೊದಲೇ ಗೇಟಿನ ಬಳಿ ಎಲ್ಲರನ್ನೂ ನಿಲ್ಲಿಸಿ ಹೇಳಿಬಿಟ್ಟಿದ್ದರು: “ಕಿವಿ ಮಂದ ಇರೋರನ್ನ ಮಗ್ಗದ ಹತ್ತಿರ ಬಿಡೋದಿಲ್ಲ. ನಿಮ್ಮ ಒಳ್ಳೇದಕ್ಕೇ. ಅವರು ಗೋದಾಮಿಗೆ ಹೋಗಿ ಬಟ್ಟೆ ಹೊರೆ ಹೊರಲಿ.” ಗೋದಾಮಿನ ಕೂಲಿ ಮಗ್ಗದ ಕೂಲಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಪ್ಪನ ಬೆನ್ನಿನ ವಿಷಯ ನಿನಗೆ ಗೊತ್ತಿದೆ.

ಪರೀಕ್ಷೆ ನಡೆದದ್ದೂ ಗೋದಾಮಿನಲ್ಲೇ. ಬಟ್ಟೆಯ ಹೊರೆಗಳ ನಡುವೆ ಸದ್ದು ಕಡಿಮೆ. ಕುರ್ಚಿಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಎದುರಿಗೆ ಕೂತ ಮೇಡಂ ಗುಂಡಿ ಒತ್ತಿದಾಗ ಒಳಗೆ ಸಣ್ಣ ಶಬ್ದ ಬರುತ್ತದೆ. ಕೇಳಿಸಿದರೆ ಬೆರಳೆತ್ತಬೇಕು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮಗ್ಗದ ನಂಬರಿನಿಂದ ಕರೆಯುವುದು ನನ್ನ ಕೆಲಸ. ನನ್ನ ಸಣ್ಣ ದನಿಗೆ ಎಂಥ ಕೆಲಸ ನೋಡು. ಕರೆದರೆ ಒಬ್ಬರೂ ತಿರುಗುತ್ತಿರಲಿಲ್ಲ. ನಮ್ಮ ಪಿಸುಮಾತಿನ ಮಾವ ಇದ್ದಾರಲ್ಲ, ಪಕ್ಕದ ಬೀದಿಯವರೆಗೆ ಕೇಳುವಂತೆ ಕಿರುಚುವುದಕ್ಕೆ ಅಪ್ಪನೇ ಆ ಹೆಸರಿಟ್ಟಿದ್ದು, ಅವರು ಸಾಲಿನಿಂದಲೇ ಕೂಗಿದರು: “ಏ ಮಗಳೇ, ತುಟಿ ದೊಡ್ಡದು ಮಾಡು. ದನಿ ನಿನ್ನ ಹತ್ತಿರಾನೇ ಇಟ್ಕೋ.” ಹಾಗೇ ಮಾಡಿದೆ. ಸಾಲು ಸರಾಗವಾಗಿ ಮುಂದೆ ಹೋಯಿತು.

ಮೊದಲು ಹೋದವರೇ ಒಂದು ಗುಟ್ಟು ಹಿಡಿದುಕೊಂಡು ಬಂದರು. ಗುಂಡಿ ಒತ್ತುವಾಗ ಮೇಡಂ ಮೊಣಕೈ ಒಂದಿಷ್ಟು ಅಲುಗುತ್ತದೆ. ಹಗಲೆಲ್ಲ ತುಟಿ ನೋಡಿ ಬದುಕುವವರಿಗೆ ಅದು ಕಾಣದೆ ಇರುತ್ತದೆಯೇ? ಸುದ್ದಿ ಊಟದ ಹೊತ್ತಿನೊಳಗೆ ಶೆಡ್ಡಿನ ಆ ಕೊನೆ ಮುಟ್ಟಿತು, ಒಂದು ಸದ್ದೂ ಇಲ್ಲದೆ. ಮಧ್ಯಾಹ್ನ ಬಂದವರೆಲ್ಲ ಪಟಪಟನೆ ಬೆರಳೆತ್ತಿದರು.

ಮೇಡಂಗೆ ಅನುಮಾನ ಬಂತು. ಮರುದಿನ ಕುರ್ಚಿಯನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿಸಿದರು. ಅವತ್ತು ಅಪ್ಪನ ಸರದಿ. ಅಪ್ಪ ಕೂತರು, ಕಿಟಕಿಯ ಕಡೆ ನೋಡಿದರು. ಕಿಟಕಿಯ ಹೊರಗೆ ಸಾಲಿನಲ್ಲಿ ನಿಂತವರಿಗೆ ಮೇಡಂ ಮೊಣಕೈ ಚೆನ್ನಾಗಿ ಕಾಣುತ್ತಿತ್ತು. ಅದು ಅಲುಗಿದಾಗಲೆಲ್ಲ ಪಿಸುಮಾತಿನ ಮಾವ ಮೂಗು ಕೆರೆದುಕೊಂಡರು. ಮಾವ ಮೂಗು ಕೆರೆದಾಗಲೆಲ್ಲ ಅಪ್ಪ ಬೆರಳೆತ್ತಿದರು. ಒಂದೂ ತಪ್ಪಲಿಲ್ಲ. ಹೊರಗೆ ಬಂದ ಅಪ್ಪನಿಗೆ ಮಾವ, “ನಿನ್ನಿಂದಾಗಿ ನನ್ನ ಮೂಗಿನ ಚರ್ಮ ಹೋಯ್ತಲ್ಲೋ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕಾ, ಅವತ್ತು.

“ನಿಮ್ಮ ತಂದೆ ಕಿವಿ ಹುಡುಗರ ಕಿವಿ ಇದ್ದ ಹಾಗಿದೆ” ಎಂದರು ಮೇಡಂ. ಅವರ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ.

ವಾರದ ಮೇಲೆ ವರದಿ ಬಂತು. ಇಡೀ ಶೆಡ್ಡಿನಲ್ಲಿ ಎಲ್ಲರ ಕಿವಿಯೂ ನೆಟ್ಟಗಿದೆ. ಮ್ಯಾನೇಜರು ಮೇಡಂಗೆ ಕಾಫಿ ತರಿಸಿಕೊಟ್ಟು, “ನೋಡಿದ್ರಾ, ನಮ್ಮ ಶೆಡ್ಡಲ್ಲಿ ಸದ್ದು ಒಂದು ಸಮಸ್ಯೆನೇ ಅಲ್ಲ. ಇನ್ನು ರಬ್ಬರು ಯಾಕೆ, ಕಿವಿಮುಚ್ಚುಗ ಯಾಕೆ?” ಎಂದರು. ಮೇಡಂ ಕಾಫಿ ಮುಟ್ಟಲಿಲ್ಲ. ಹೋಗುವಾಗ ನನ್ನ ಮೇಜಿನ ಬಳಿ ನಿಂತು, “ಆ ಸದ್ದಿನಲ್ಲಿ ಇಂಥ ಕಿವಿ ಇರೋಕೆ ಸಾಧ್ಯ ಇಲ್ಲ. ನಿಮಗೇನಾದ್ರೂ ಗೊತ್ತಾ?” ಎಂದು ಮೆಲ್ಲಗೆ ಕೇಳಿದರು. ಹೇಳಿದ್ದರೆ ಮಾರನೆಯ ದಿನವೇ ಅಪ್ಪನ ಬೆನ್ನ ಮೇಲೆ ಹೊರೆ. ನಾನು ಇಲ್ಲವೆಂದು ತಲೆಯಾಡಿಸಿದೆ. ‘ನಮ್ಮ ಶೆಡ್ಡು ಸುರಕ್ಷಿತ’ ಎಂದು ಹಸಿರು ಬಣ್ಣದಲ್ಲಿ ಬರೆಯುವ ಕೆಲಸ ನನಗೇ ಬಂತು. ಬರೆದೆ. ಇದರ ಕೆಳಗೆ ಯಾರೂ ಪೆನ್ಸಿಲಿನಲ್ಲಿ ಏನೂ ಸೇರಿಸಿಲ್ಲ.

ಆ ಸಂಜೆ ಅಪ್ಪನ ಎದುರು ಕೂತು, ತುಟಿ ಕಾಣುವ ಹಾಗೆ, “ಎಲ್ಲರೂ ಸೇರಿ ಒಟ್ಟಿಗೆ ನಿಜ ಹೇಳಿದ್ದರೆ?” ಎಂದು ಕೇಳಿದೆ.

“ಒಟ್ಟಿಗೆ ಅನ್ನೋದು ನಿನ್ನ ಪುಸ್ತಕದಲ್ಲಿ” ಎಂದರು ಅಪ್ಪ. “ಕೇಳಿಸುತ್ತೆ ಅಂತ ಬರೆದರೆ ಮಗ್ಗ ನಂದು. ಕೇಳಿಸಲ್ಲ ಅಂತ ಬರೆದರೆ ಹೊರೆ ನಂದು. ಓದಿದೋಳು ನೀನು, ಯಾವುದು ಬರೆಸಲಿ ಹೇಳು.”

“ಹೊಸದಾಗಿ ಸೇರೋರ ಕಿವಿ ಇನ್ನೂ ಚೆನ್ನಾಗಿದೆ. ಅವರ ಗತಿ ಏನಪ್ಪ?”

ಅಪ್ಪ ನನ್ನ ತುಟಿಯನ್ನು ನೋಡಿದರು, ಆಮೇಲೆ ತಟ್ಟೆಯನ್ನು ನೋಡಿದರು. ಆ ಒಂದು ಮಾತು ಮಾತ್ರ ಅವರಿಗೆ ತುಟಿಯಲ್ಲೂ ಕೇಳಿಸಲಿಲ್ಲ.

ಇಷ್ಟೇ ಇಲ್ಲಿಯ ಸುದ್ದಿ. ಅಪ್ಪನ ಕಿವಿ ಸ್ವಲ್ಪ ಮಂದವಾಗಿದೆ ಎಂದುಕೋ. ನಿನ್ನ ಮೈದುನ ನಮ್ಮ ಮಿಲ್ಲಿನ ಆಫೀಸಿನಲ್ಲೇ ಇರುವುದರಿಂದ ಇದನ್ನು ಓದಿದ ಮೇಲೆ ಇಟ್ಟುಕೊಳ್ಳಬೇಡ, ಭಾವನಿಗೂ ಹೇಳಬೇಡ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಪುಟ್ಟಿ ನೂರು ವರ್ಷ ಬಾಳಲಿ, ನಿನ್ನ ಹಾಗೆ ಬಾಯಿಬಡುಕಿಯಾಗಿ ಬೆಳೆಯಲಿ. ಅವಳ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯುವುದಕ್ಕೇ ಇಷ್ಟು ದಿನ ಬೇಕಾಯಿತು. ನಿನ್ನ ಇಷ್ಟದಂತೆ ಮದುವೆಯಾದದ್ದಕ್ಕೆ ಅಪ್ಪ ಇನ್ನೂ ಸಿಟ್ಟಿನಲ್ಲಿದ್ದಾರೆ, ಅದಕ್ಕೇ ಫೋನಿಗೆ ಬರುವುದಿಲ್ಲ ಎಂದು ಅಮ್ಮ ಪ್ರತಿ ಸಲ ಹೇಳುತ್ತಾಳಲ್ಲ, ಅದು ಸುಳ್ಳು. ಹಾಗೆ ಹೇಳು ಎಂದವರು ಅಪ್ಪನೇ. ಪುಟ್ಟಿ ಹುಟ್ಟಿದ ಸುದ್ದಿ ಬಂದ ದಿನವೇ ಅವರ ಸಿಟ್ಟು ಇಳಿದುಹೋಗಿತ್ತು. ಸ್ವಲ್ಪ ಮಂದ ಅಲ್ಲ ಅಕ್ಕಾ, ಅವರಿಗೆ ಏನೂ ಕೇಳಿಸುವುದಿಲ್ಲ. ಫೋನಿನಲ್ಲಿ ತುಟಿ ಕಾಣುವುದಿಲ್ಲವಲ್ಲ. ಮಾತು ನಿನ್ನ ಮೈದುನನ ಕಿವಿಗೆ ಬಿದ್ದರೆ ಮಗ್ಗ ಹೋಗುತ್ತದೆ. ಮಗಳು ನನ್ನನ್ನು ಕಲ್ಲೆದೆಯವನು ಅಂದುಕೊಂಡರೂ ಚಿಂತೆಯಿಲ್ಲ ಎಂದುಬಿಟ್ಟರು.

ಹೋದ ಭಾನುವಾರ ನೀನು ಪುಟ್ಟಿಯ ಬಾಯಿಗೆ ಫೋನ್ ಹಿಡಿದೆಯಲ್ಲ, ಅವಳು ಮೊದಲ ಸಲ “ತಾತ” ಎಂದಳಲ್ಲ, ಆಗ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ತುಟಿಯಾಡಿಸಿ ಅವರಿಗೆ ಹೇಳಿದೆ. ಅವರು ಹತ್ತಿರ ಸರಿದು ಕೇಳಿದರು: “ಹೇಗಂದ್ಲು? ಹೇಗಿತ್ತು ದನಿ?”

ಎಷ್ಟು ಓದಿದ್ದೇನೆ ನಾನು. ಒಂದು ಮಾತೂ ಸಿಗಲಿಲ್ಲ. “ತಾತ” ಎಂದು ಮತ್ತೆ ತುಟಿಯಾಡಿಸಿದೆ. ಅವರು ಬೆರಳೆತ್ತಿ, ಇನ್ನೊಂದು ಸಲ ಎಂದರು.