ಕುಮಟೆಯ ಬೆಲ್ಲ

ಹಳಿಯಾಳ
ಸೋಮವಾರ, ೧೭ ಮಾರ್ಚ್ ೨೦೨೫

ನನ್ನ ಹಟಮಾರಿ ಸೊಸೆ ಶೈಲಾಗೆ,

ಹೇಗಿದ್ದೀ? ಫಾರೆಸ್ಟ್ ಗಾರ್ಡ್ ಟ್ರೇನಿಂಗಿನಲ್ಲಿ ಬೆಳಗಾಗುವ ಮೊದಲೇ ಎಬ್ಬಿಸಿ ಓಡಿಸುತ್ತಾರೆ ಅಂದಿದ್ದೆ, ಕಾಲಿನ ಬೊಬ್ಬೆ ಮಾಯ್ದವೇ? ಕೊಬ್ಬರಿ ಎಣ್ಣೆ ಹಚ್ಚಿಕೋ, ನಾಚಬೇಡ, ಕಾಡಿನ ಹುಲಿ ನಿನ್ನ ಪಾದ ನೋಡಲು ಬರುವುದಿಲ್ಲ. ನಿನ್ನ ಮಗಳು ಉಮಾಶ್ರೀ ಆರಾಮ ಇದ್ದಾಳೆ. ನಾನು ಮಾಡಿದ ಪಲ್ಯಕ್ಕೆಲ್ಲ ಮೂತಿ ತಿರುವುತ್ತಾಳೆ, ಶಾಲೆಯ ಬಿಸಿಯೂಟ ಮಾತ್ರ ತಾಟು ನೆಕ್ಕಿ ಬರುತ್ತಾಳೆ. ನನ್ನ ಮೊಣಕಾಲು ಇದ್ದಲ್ಲೇ ಇವೆ, ಅಷ್ಟೇ ದೊಡ್ಡದು. ಫೋನು ಇದ್ದೂ ಈ ಮುದುಕಿ ಯಾಕೆ ಕಾಗದ ಬರೆದಳು ಅನ್ನುತ್ತೀಯೇನೋ. ಫೋನಿನಲ್ಲಿ ನಿನಗೆ ಬೇಡದ ಮಾತು ಬಂದ ಕೂಡಲೇ ‘ಅತ್ತಿ, ನೆಟ್‌ವರ್ಕ್ ಹೋತು’ ಅನ್ನುತ್ತೀ. ಕಾಗದಕ್ಕೆ ಆ ರೋಗವಿಲ್ಲ. ಮೂರನೇ ಇಯತ್ತೆ ಕಲಿತವಳ ಅಕ್ಷರ, ನಿಧಾನಕ್ಕೆ ಓದು.

ಶನಿವಾರ ನಾನು, ಪಕ್ಕದ ಮನೆಯ ಕೆಂಚವ್ವ, ಉಮಾಶ್ರೀ ಸಮುದ್ರ ನೋಡಲು ಕಾರವಾರಕ್ಕೆ ಹೋಗಿದ್ದೆವು. ಸಮುದ್ರ ಅಂತ ಓಣಿಗೆ ಹೇಳಿದ್ದು. ನಾನು ಹೋದದ್ದು ಮಹಾಬಳೇಶ್ವರನನ್ನು ನೋಡಲು, ಗುಡಿಯ ದೇವರನ್ನಲ್ಲ, ಆ ಹುಡುಗನನ್ನು. ಈಗ ಕಾಗದ ಮಡಚಬೇಡ, ಓದು. ಗಣೇಶಗುಡಿಯ ಫಾರೆಸ್ಟ್ ಕ್ಯಾಂಪಿನಲ್ಲಿ ನಿನ್ನ ಜೊತೆ ಕೆಲಸಕ್ಕಿದ್ದವನು, ಕಾರವಾರಕ್ಕೆ ವರ್ಗವಾಗುವ ಮೊದಲು ನಿನ್ನನ್ನು ಮದುವೆಗೆ ಕೇಳಿದನಂತೆ, ನೀನು ಆಗುವುದಿಲ್ಲ ಅಂದೆಯಂತೆ. ಅಲ್ಲಿಯ ಹೋಂಸ್ಟೇಗಳಿಗೆ ಹಾಲು ಹಾಕುವವರಿಗೂ ಗೊತ್ತಿದ್ದ ಸುದ್ದಿ ನನಗೆ ಕೆಂಚವ್ವನ ಬಾಯಿಂದ ಗೊತ್ತಾಗಬೇಕೇನೇ? ನನ್ನ ಮಗ ಈರೇಶ ತೀರಿಕೊಂಡು ಐದು ವರ್ಷವಾಯಿತು. ಅವನ ಹೆಂಡತಿಯನ್ನು ಕೇಳಿದವನ ಮುಖ ಎಂಥದು ಅಂತ ನಾನು ಒಮ್ಮೆ ನೋಡಬಾರದೇ?

ಅಣಶಿ ಘಾಟಿನಲ್ಲಿ ಕೆಂಚವ್ವ ಬಸ್ಸಿನ ಕಿಟಕಿ ಬಿಡಲಿಲ್ಲ. ಕದ್ರಾ ಬರುವಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ದೇವರ ಹೆಸರು ಬಿಟ್ಟು ಏನೂ ಉಳಿದಿರಲಿಲ್ಲ. ಕಾರವಾರದ ಬಿಸಿಲು ನಮ್ಮ ಕಡೆಯ ಬಿಸಿಲಿನಂತಲ್ಲ. ಬಂದ ಬೀಗರಂತೆ ಮೈಗೆ ಅಂಟಿ ಕೂತುಬಿಡುತ್ತದೆ, ಏಳುವುದೇ ಇಲ್ಲ. ಸಮುದ್ರ ನೋಡಿದೆ. ಚಂದ ಐತಿ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ನೀರಿದ್ದು ಒಂದು ಚರಿಗೆ ಕುಡಿಯಲು ಬರುವುದಿಲ್ಲವೆಂದರೆ ಏನು ಕೊಚ್ಚಿಕೊಳ್ಳುವುದು? ದಂಡೆಯ ಮೇಲೆ ಯುದ್ಧದ ಹಡಗೊಂದನ್ನು ಎಳೆದು ನಿಲ್ಲಿಸಿದ್ದಾರೆ. ಕೆಂಚವ್ವ ಗುಡಿಗೆ ಹೋದಂತೆ ಕೆಳಗೆ ಚಪ್ಪಲಿ ಬಿಟ್ಟು ಹತ್ತಿದಳು. ಮೇಲೆ ಕಬ್ಬಿಣ ಕಾದಿತ್ತು. ಅವಳು ಕುಣಿದ ಕುಣಿತಕ್ಕೆ ಬಂದವರೆಲ್ಲ ತೋಪು ನೋಡುವುದು ಬಿಟ್ಟು ಅವಳನ್ನೇ ನೋಡಿದರು.

ಆಮೇಲೆ ಅವನ ಆಫೀಸಿನ ಗೇಟಿನ ಹತ್ತಿರ ಹೋಗಿ, ಗುರುತು ಸಿಗದಿರಲೆಂದು ಸೆರಗು ಮುಂದೆ ಎಳೆದುಕೊಂಡು, ‘ನಾವು ಧಾರವಾಡ ಕಡಿಯವರು, ದಾರಿ ತಪ್ಪೇವಿ’ ಅಂದೆ. ಕರ್ರಗಿನ ಎತ್ತರದ ಹುಡುಗ ಬಗ್ಗಿ ಕಾಲು ಮುಟ್ಟಿ, ‘ಬರ್ರಿ ಕಾಶೆವ್ವಾರ, ಶೈಲಾ ಕಂಡಕಂಡವರಿಗೆಲ್ಲಾ ನಿಮ್ಮ ಫೋಟೋ ತೋರಸ್ತಿದ್ಲು’ ಅಂದ. ಕೆಂಚವ್ವ ನಕ್ಕ ನಗುವಿಗೆ ಅವಳನ್ನು ಅಲ್ಲೇ ಸಮುದ್ರಕ್ಕೆ ನೂಕಬೇಕು ಅನ್ನಿಸಿತು. ಮರುದಿನ ರಜೆ, ಕುಮಟೆಯಲ್ಲಿ ನಮ್ಮ ಮನೆಗೆ ಬರ್ರಿ ಅಂದ. ನಾನು ಹೂಂ ಅಂದೆ. ಮನೆ ನೋಡದೆ ಮನುಷ್ಯನನ್ನು ನೋಡಿ ಏನು ತಿಳಿಯುತ್ತದೆ?

ಕುಮಟೆ ನಮಗೆ ಹೊಸ ಊರಲ್ಲ, ಶೈಲಾ. ನಿನ್ನ ಮಾವನ ಅಜ್ಜ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಘಟ್ಟ ಇಳಿದು ಆ ಬಂದರಿಗೇ ಹೋಗುತ್ತಿದ್ದನಂತೆ, ಬರುವಾಗ ಉಪ್ಪು, ತೆಂಗಿನಕಾಯಿ ತರುತ್ತಿದ್ದನಂತೆ. ಹಡಗುಗಳ ಸಾಲು ಕಾಣುತ್ತದೆ ಅಂತ ನಾನು ಕಣ್ಣು ಕಿರಿದು ಮಾಡಿ ನೋಡಿದರೆ ಈಗ ಅಲ್ಲಿ ಮೀನಿನ ದೋಣಿ, ಒಣಹಾಕಿದ ಬಲೆ, ಬಲೆಯ ಮೇಲೆ ಮಲಗಿದ ನಾಯಿ. ‘ಇದಕ್ಕೇನಬೇ ನಿಮ್ಮಜ್ಜ ಎತ್ತಿನ ಕಾಲು ಸವೆಸಿದ್ದು?’ ಅಂದಳು ಕೆಂಚವ್ವ. ಆ ಕಾಲದಲ್ಲಿ ಊರು ಬೇರೆ ಇತ್ತು ಅಂತ ನಾನೇ ಕಟ್ಟಿಸಿದವಳಂತೆ ಜಗಳ ಆಡಿದೆ.

ಮನೆಗೆ ಹೋಗುವ ಮೊದಲು ಇಬ್ಬರಿಗೂ ತಾಕೀತು ಮಾಡಿದ್ದೆ. ನಮ್ಮಲ್ಲಿ ಸಂಬಂಧ ಕೂಡುವ ತನಕ ಗಂಡಿನ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ, ಮುಟ್ಟಿದರೆ ಒಪ್ಪಿದಂತೆ. ಆದರೆ ಅವರ ಕಡೆ ಬಿಸಿಲಿನಿಂದ ಯಾರೇ ಬರಲಿ, ಅಂಚೆಯವನೇ ಬರಲಿ, ಮೊದಲು ಬೆಲ್ಲ ನೀರು. ಮುಟ್ಟದಿದ್ದರೆ ಮನೆಯವರ ಮುಖಕ್ಕೆ ಹೊಡೆದಂತೆ. ಇದು ನನಗೇನು ಗೊತ್ತು? ಅವನ ತಾಯಿ ನಾಗವೇಣಿ ಜಗುಲಿಗೆ ಬೆಲ್ಲದ ತಾಟು ತಂದಿಟ್ಟಳು. ನಾನು ಉಮಾಶ್ರೀಯ ಕೈ ಹಿಡಿದು ಕೂತೆ. ಕೆಂಚವ್ವ ‘ನನ್ನ ಬಾಯಿ ಲೆಕ್ಕಕ್ಕಿಲ್ಲ ಬಿಡ, ನಾ ಏನ್ ಬೀಗತಿ ಅಲ್ಲ’ ಅಂತ ದೊಡ್ಡ ತುಂಡು ಬಾಯಿಗೆ ಹಾಕಿಕೊಂಡಳು. ನಾಗವೇಣಿ ನನ್ನನ್ನೇ ನೋಡಿ, ‘ಬೆಲ್ಲಕ್ಕೂ ಮೀನ್ ವಾಸ್ನೆ ಬತ್ತದ್ಯಾ ಅಮ್ಮ?’ ಅಂದಳು. ನನಗಿಂತ ಹರಿತ ನಾಲಿಗೆ, ಶೈಲಾ! ನಾನೂ ಬಿಡಲಿಲ್ಲ. ‘ನಿಮ್ಮ ಮಗಗ ಬ್ಯಾರೆ ಹುಡಿಗ್ಯಾರು ಸಿಗಲಿಲ್ಲೇನ್ರಿ?’ ಅಂದೆ. ‘ಸಿಕ್ಕಿದ್ರು, ಅವಂಗೆ ಬ್ಯಾಡ. ನಿಮ್ಮ ಸೊಸೆಗೆ ಅತ್ತೆ ಬಿಟ್ಟು ಬರೂಕೆ ಆಗ್ತಿಲ್ವಂತೆ. ಅದ್ಕೇ ನಿಮಗೂ ಕೋಣೆ ಖಾಲಿ ಮಾಡಿಟ್ಟಿದೆ’ ಅಂದು ಬಾಗಿಲು ತೆರೆದು ತೋರಿಸಿದಳು. ಸುಣ್ಣ ಬಳಿದ ಕೋಣೆ, ಪೂಜೆಗೆ ಮಣೆ, ಅಡುಗೆಮನೆಯ ಮೀನಿನ ವಾಸನೆ ಬಾರದಷ್ಟು ದೂರ. ಹೆಣ್ಣಿನ ಜೊತೆ ಒಂದು ಮುದುಕಿ ಪುಕ್ಕಟೆ ಅಂತ ಸಾರಿದೆಯೇನೇ? ನನ್ನ ಸಲುವಾಗಿ ಬೇಡ ಅಂದೆಯಾ?

ಅಷ್ಟರಲ್ಲಿ ಮಹಾಬಳೇಶ್ವರ ಬಂದು ತಾಟನ್ನೇ ಎತ್ತಿಕೊಂಡ. ನಮ್ಮ ಕಡೆ ಕೆಲಸ ಮಾಡಿದವನು, ಸಿಹಿ ಮುಟ್ಟದ ನಮ್ಮ ಪದ್ಧತಿ ಅವನಿಗೆ ಗೊತ್ತಿತ್ತು. ‘ಬರೇ ನೀರು ಕುಡೀರಿ ಅವ್ವಾರ. ಬಿಸಲಾಗ ಬಂದೀರಿ. ನೀರಿಗೆ ಏನೂ ಅರ್ಥ ಇಲ್ಲ’ ಅಂದು ತಂಬಿಗೆ ಮುಂದಿಟ್ಟ. ನಾನು ಬಾಯಿ ಜಾರಿ ತಿಂದಿದ್ದರೆ ಅವನ ಕೆಲಸ ಆಗುತ್ತಿತ್ತು. ಆ ತಾಟನ್ನೇ ಅವನು ಒಳಗೆ ಒಯ್ಯಲು ಹೊರಟಿದ್ದ.

ತಂಬಿಗೆ ಖಾಲಿ ಮಾಡಿದೆ. ‘ಎಲ್ಲಿಗೆ ಒಯ್ತಿ? ತಾಟು ತಾ ಇಲ್ಲಿ’ ಅಂದೆ. ನಾಗವೇಣಿಗೆ, ‘ಆ ಕೋಣ್ಯಾಗ ತೆಂಗಿನಕಾಯಿ ತುಂಬ್ರಿ. ನನ್ನ ಕೋಣಿ ಹಳಿಯಾಳದಾಗ ಐತಿ’ ಅಂದು ಬೆಲ್ಲ ಬಾಯಿಗೆ ಹಾಕಿಕೊಂಡೆ. ಕೆಂಚವ್ವ ‘ಕೂಡಿತು ಬಿಡ’ ಅಂತ ತೊಡೆ ತಟ್ಟಿದಳು. ನಾಗವೇಣಿ ಅತ್ತಳು. ನಾನು ಅಳಲಿಲ್ಲ, ಅದು ಬೆವರು.

ಹೊತ್ತು ಹೊತ್ತಿಗೆ ಉಣ್ಣು, ಓಡುವಾಗ ನೆಲ ನೋಡು. ನಿನ್ನ ಹೊಸ ಖಾಕಿ ಮೈಗೊಪ್ಪಲಿ, ನಿನ್ನ ಕಾಡು ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಕಾಶೆವ್ವ

ತಾ.ಕ.: ಅಂಚೆಗೆ ಒಯ್ಯಲು ಕೆಂಚವ್ವ ಬಾಗಿಲಲ್ಲೇ ನಿಂತು ಗೊಣಗುತ್ತಿದ್ದಾಳೆ, ಅದಕ್ಕೆ ಚುಟುಕಾಗಿ. ನಾನು ತಿಂದದ್ದು ನನ್ನ ಒಪ್ಪಿಗೆ, ನಿನ್ನದಲ್ಲ. ಭಾನುವಾರ ಅವನು ಫೋನ್ ಮಾಡುತ್ತಾನೆ, ಎತ್ತು. ಬೇಡವೆನಿಸಿದರೆ ಬೇಡ ಅನ್ನು. ಕಪ್ಪಗಿದ್ದಾನೆ ಅನ್ನು, ಮೀನು ತಿನ್ನುತ್ತಾನೆ ಅನ್ನು, ತಾಯಿ ಜಗಳಗಂಟಿ ಅನ್ನು. ನನ್ನ ಹೆಸರು ಮಾತ್ರ ಹೇಳಬೇಡ.